ಹೊರಟವರಿಗೇ ಉಪಚಾರ

ವರ್ಷಗಟ್ಟಲೆ ನಿಯತ್ತಾಗಿ ರೀಚಾರ್ಜ್ ಮಾಡಿಸುವ ಗಿರಾಕಿಯನ್ನು ಮೊಬೈಲ್ ಕಂಪನಿಗಳು ಮಾತಾಡಿಸುವುದು ಅಪರೂಪ. ಅದೇ ಗಿರಾಕಿ ‘ಪೋರ್ಟ್’ ಎಂದು ಬರೆದು, ಪಕ್ಕದಲ್ಲಿ ತನ್ನ ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಲಿ. ಎಂಟಕ್ಷರದ ಕೋಡ್‌ನ ಹಿಂದೆಯೇ ‘ಸಾರ್, ಏನು ತೊಂದರೆ ಆಯ್ತು?’ ಎಂದು ವಿಚಾರಿಸಿಕೊಳ್ಳುವ ದನಿಯೂ ಬಂದರೆ ಆಶ್ಚರ್ಯವಿಲ್ಲ. ಹಾಗಾಗಿ ನನ್ನ ವಾದವಿಷ್ಟೆ: ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಹಕ್ಕಿನಿಂದ ಹೋಗುವವರಿಗಿಂತ ಹೋಗದೆ ಗದರಿಸುವವರಿಗೇ ಲಾಭ ಜಾಸ್ತಿ. 2011ರ ಜನವರಿ 20ರಂದು ಈ ಸೌಲಭ್ಯ ದೇಶಾದ್ಯಂತ ಬರುವ ಮುನ್ನ, ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ಬ್ಯಾಂಕು, ಗ್ಯಾಸ್ ಏಜೆನ್ಸಿ, ಬೀಗರು, ಹಾಲಿನವನು ಎಲ್ಲರಿಗೂ ಹೊಸ ನಂಬರ್ ಒಪ್ಪಿಸುವ ರಗಳೆಗೆ ಹೆದರಿಯೇ ಜನ ಸಿಗ್ನಲ್ ಸಿಗದ ಸಿಮ್ಮನ್ನೂ ಸಹಿಸಿಕೊಂಡಿದ್ದರು. 2015ರ ಜುಲೈಯಿಂದಂತೂ ಬೆಂಗಳೂರಿನ ನಂಬರ್ ಮುಂಬೈಗೂ ಜೊತೆಯಾಗಿ ಹೋಗಬಲ್ಲದು.

‘ಎಲ್ಲರ ಮನೆ ದೋಸೆಯೂ ತೂತೇ, ಬದಲಿಸಿ ಏನು ಪ್ರಯೋಜನ?’ ಎನ್ನುವವರಿದ್ದಾರೆ. ತೂತು ನಿಜ, ಆದರೆ ದೋಸೆಯ ದರ ಒಂದೇ ಅಲ್ಲವಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಅನೇಕರು ನಂಬರ್ ಸಮೇತ ಬಿಎಸ್ಸೆನ್ನೆಲ್‌ಗೆ ನಡೆದರು. ‘ಅಲ್ಲಿ ಟವರ್ ಸಿಗದಿದ್ದರೆ?’ ಎಂಬುದು ಇನ್ನೊಂದು ತಕರಾರು, ಇದಕ್ಕೆ ತೂಕವಿದೆ. ಒಮ್ಮೆ ಪೋರ್ಟ್ ಆದಮೇಲೆ 90 ದಿನ ಅಲ್ಲಿಂದ ಕದಲುವಂತಿಲ್ಲ. ಆದ್ದರಿಂದ ಆ ಕಂಪನಿಯ ಸಿಮ್ ಇರುವ ನೆಂಟರನ್ನು ಮೊದಲು ಕಾಫಿಗೆ ಕರೆದು, ಅವರ ಫೋನಿನಿಂದ ಅಡುಗೆಮನೆಯಲ್ಲೇ ನಿಂತು ಒಂದು ಕಾಲ್ ಮಾಡಿ ನೋಡುವುದು ಜಾಣತನ. ಕಾಲ್ ಕಟ್ಟಾದರೆ ನಷ್ಟ ಒಂದು ಲೋಟ ಕಾಫಿ ಮಾತ್ರ.