ಅರಮನೆ ಬಿಟ್ಟು ಬಸ್ಸೇ ಯಾಕೆ?

ಪುಟ್ಟ ಪುಟ್ಟ ಮಾದರಿ ಮಾಡುವವರನ್ನು ನೀವೂ ನೋಡಿರುತ್ತೀರಿ. ರಾತ್ರಿ ಊಟ ಮುಗಿಸಿ, ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಕಟರ್, ಸ್ಟೀಲ್ ಸ್ಕೇಲು, ಫೆವಿಕ್ವಿಕ್ಕು ಎಲ್ಲ ಹರಡಿಕೊಂಡು ಕೂತರೆ ಮುಗೀತು, ಅವರನ್ನು ಮಲಗಲು ಎಬ್ಬಿಸುವಷ್ಟರಲ್ಲಿ ಮನೆಯವರಿಗೆ ಸಾಕುಸಾಕಾಗುತ್ತದೆ. ಹೇಗೆ ಮಾಡ್ತಾರೆ ಅನ್ನುವುದು ನನಗೆ ಅಷ್ಟು ಸೋಜಿಗವಲ್ಲ. ಕೈ ಪಳಗಿದರೆ ಯಾರಿಗಾದರೂ ಬಂದೀತು. ಲೋಕದಲ್ಲಿ ಇಷ್ಟೊಂದು ವಸ್ತು ಇರುವಾಗ ಅದೊಂದನ್ನೇ ಯಾಕೆ ಆರಿಸಿಕೊಂಡರು ಅನ್ನುವುದಿದೆಯಲ್ಲ, ಅದು ಸೋಜಿಗ. ಮೈಸೂರಿನ ಅರಮನೆ ನಮ್ಮ ಚಾಮರಾಜನಗರಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ನಮ್ಮ ಹುಡುಗರು ಅದನ್ನು ಬಿಟ್ಟು ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಮಾಡ್ತಾರೆ, ಅದೂ ಕಿಟಕಿಯ ಅಡ್ಡಕಂಬಿ ಸಮೇತ. ಯಾಕಿರಬಹುದು?

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ದಿನಾ ಗುಂಡ್ಲುಪೇಟೆಗೆ ಹೋಗಿಬರುತ್ತಾನೆ, ಓದಲಿಕ್ಕೆ. ಅವನು ಮಾಡಿದ ಬಸ್ಸು ಮೊನ್ನೆ ನೋಡಿದೆ. ಫ್ಲೆಕ್ಸ್ ಹೊಡೆಯುವ ಅಂಗಡಿಯಲ್ಲಿ ಕತ್ತರಿಸಿ ಬಿಸಾಕಿದ ಸನ್‌ಬೋರ್ಡ್ ಚೂರುಗಳನ್ನು ಕೇಳಿ ತಂದಿದ್ದಾನೆ. 1:24 ಅಳತೆ. ಅಂದರೆ ಹನ್ನೆರಡು ಮೀಟರ್ ಬಸ್ಸು ಅರ್ಧ ಮೀಟರಿಗೆ ಇಳಿದಿದೆ. ಕಿಟಕಿಯ ಕಂಬಿಗೆ ತೆಂಗಿನ ಕಡ್ಡಿಯನ್ನು ಸೀಳಿ, ಉಜ್ಜಿ, ಬಣ್ಣ ಹಚ್ಚಿ ಕೂರಿಸಿದ್ದಾನೆ. ಪಕ್ಕದ ಕನ್ನಡಿಗೆ ಚಿಪ್ಸ್ ಪೊಟ್ಟಣದ ಒಳಮೈ. ಹಿಂದೆ ಟಾಪಿಗೆ ಹತ್ತುವ ಏಣಿ. ನಂಬರ್ ಪ್ಲೇಟಿನಲ್ಲಿ ಕೆಎ 10. ಮುಂದಿನ ಬೋರ್ಡಿನಲ್ಲಿ ಚಾಮರಾಜನಗರ, ತೆರಕಣಾಂಬಿ, ಗುಂಡ್ಲುಪೇಟೆ. ಇಷ್ಟೇ ಆಗಿದ್ದರೆ ಭೇಷ್ ಅಂದು ಬರುತ್ತಿದ್ದೆ. ಆದರೆ ಹಿಂದಿನ ಬಂಪರಿನ ಎಡಮೂಲೆ ಸೊಟ್ಟಗಿತ್ತು. ಬಿದ್ದು ಹಾಳಾಯ್ತೇನೋ ಅಂದುಕೊಂಡು ಕೇಳಿದರೆ, ಇಲ್ಲವಂತೆ! ಅವನು ಹತ್ತುವ ಬಸ್ಸಿನ ಬಂಪರ್ ಹಾಗೇ ಇದೆಯಂತೆ. ಬೇಕೆಂದೇ ಬಗ್ಗಿಸಿದ್ದು.

‘ಅಲ್ಲಪ್ಪ, ಅರಮನೆ ಮಾಡಬಹುದಿತ್ತಲ್ಲ’ ಅಂದೆ. ‘ದಿನಾ ಓಗದು ಬರದು ಇದ್ರಲ್ಲೇ ಕಣಕ್ಕ. ಅರಮ್ನಲಿ ಎಷ್ಟ್ ಕಿಟ್ಕಿ ಅವ ಅಂತ ನಂಗೇನ್ ಗೊತ್ತು?’ ಅಂದ.

ಅದರಲ್ಲೇ ಅರ್ಧ ಉತ್ತರ ಬಂತು, ಅಲ್ವಾ? ಬೆರಗಿನಿಂದ ನೋಡಿದ್ದನ್ನು ಯಾರೂ ಮಾಡುವುದಿಲ್ಲ. ಕಾದು ಕಾದು, ಬೇಸರದಲ್ಲಿ, ಬೇರೆ ಕೆಲಸವಿಲ್ಲದೆ ದಿಟ್ಟಿಸಿ ನೋಡಿದ್ದನ್ನು ಮಾಡುತ್ತಾರೆ. ಅರಮನೆಗೆ ಟಿಕೆಟ್ ತಗೊಂಡು ಹೋಗಿ ಒಂದು ಗಂಟೆ ನೋಡುತ್ತೇವೆ. ಬಸ್ಸಿಗೆ ಎಷ್ಟು ವರ್ಷ ಕಾಯುತ್ತೇವೆ!

ಕಾಯುವುದು ಅಂದಾಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡು ನೆನಪಾಯ್ತು. ಬಸ್ಸಿನ ಹುಚ್ಚು ಇರುವವರಿಗೆ ಅಂಥ ಜಾಗ ಕರ್ನಾಟಕದಲ್ಲಿ ಇನ್ನೊಂದು ಸಿಗುವುದು ಕಷ್ಟ. ಊಟಿ ರಸ್ತೆ ಒಂದು ಕಡೆ, ಸುಲ್ತಾನ್ ಬತ್ತೇರಿ ರಸ್ತೆ ಇನ್ನೊಂದು ಕಡೆ. ನಮ್ಮ ಬಸ್ಸು, ತಮಿಳುನಾಡಿನ ಬಸ್ಸು, ಕೇರಳದ ಬಸ್ಸು, ಮೂರೂ ರಾಜ್ಯದವು ಆ ಊರಿನಲ್ಲೇ ಹಾದುಹೋಗಬೇಕು. ನಮ್ಮದಕ್ಕೂ ಕೇರಳದ್ದಕ್ಕೂ ಹೆಸರು ಒಂದೇ, ಕೆಎಸ್‌ಆರ್‌ಟಿಸಿ. ಆ ಹೆಸರು ಯಾರದು ಅಂತ ಎರಡೂ ಕಡೆಯವರು ವರ್ಷಗಟ್ಟಲೆ ಜಗಳ ಆಡಿ, ಕೊನೆಗೆ 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು, ನೆನಪಿದೆಯಲ್ಲ? ಕೋರ್ಟಿಗೆ ಹೆಸರಿನ ಚಿಂತೆ. ನಮ್ಮ ಹುಡುಗನಿಗೆ ಕಿಟಕಿಯ ಚಿಂತೆ. ಕೇರಳದ ಹಳೇ ಬಸ್ಸುಗಳಿಗೆ ಗಾಜಿಲ್ಲ, ಮಳೆ ಬಂದರೆ ಎಳೆದುಕೊಳ್ಳುವ ಶಟರ್. ದೂರದಿಂದ ಮೈಕಟ್ಟು ನೋಡಿಯೇ ಯಾವ ರಾಜ್ಯದ್ದು ಅಂತ ಹೇಳುವ ಹುಡುಗರು ಆ ಸ್ಟ್ಯಾಂಡಿನಲ್ಲಿ ಈಗಲೂ ಸಿಗುತ್ತಾರೆ. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಓಡಿಸುವಂತಿಲ್ಲವಲ್ಲ, ಬಸ್ಸುಗಳಲ್ಲಿ ಬಿಟ್ಟಿರುವುದು ಬೆರಳೆಣಿಕೆಯವನ್ನು ಮಾತ್ರ. ಆ ಕೆಲವು ಬಸ್ಸುಗಳಿಗೆ ಹುಡುಗರ ಕಣ್ಣಲ್ಲಿ ಇರುವ ಬೆಲೆಯೇ ಬೇರೆ. ಯಾವುದನ್ನು ಮಾದರಿ ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇರೆ ದೇಶಗಳಲ್ಲಿ ಹೇಳಿಕೊಡುವವರು ಇದ್ದಾರೆ. ಅವರೇ ಕಂಪನಿಯವರು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಭಾಗಗಳು ಬರುತ್ತವೆ, ಅಂಟಿಸಿ ಬಣ್ಣ ಹಚ್ಚುವುದು ನಮ್ಮ ಕೆಲಸ. ಅಂಗಡಿಗೆ ಹೋಗಿ ನೋಡಿದರೆ ಯುದ್ಧವಿಮಾನ, ಟ್ಯಾಂಕು, ಯುದ್ಧನೌಕೆ, ಮತ್ತೆ ಯುದ್ಧವಿಮಾನ. ಜಗತ್ತಿನಲ್ಲಿ ಮಾದರಿ ಮಾಡುವವರಿಗೆಲ್ಲ ಯುದ್ಧ ಅಂದರೆ ಪ್ರಾಣ ಅಂತ ಅರ್ಥವೇ? ನನಗೆ ಹಾಗೆ ಅನಿಸುವುದಿಲ್ಲ. ಡಬ್ಬಿಯಲ್ಲಿ ಏನಿದೆಯೋ ಅದನ್ನು ಮಾಡುತ್ತಾರೆ, ಅಷ್ಟೇ. ಅಳತೆಗಳ ಕತೆಯೂ ಹೀಗೇ. 1:72 ಅಂದರೆ ಆರಡಿ ಮನುಷ್ಯ ಒಂದಿಂಚಿಗೆ ಇಳಿಯುವುದು, ಅದು ಸರಿ, ಲೆಕ್ಕ ಉಂಟು. ಆದರೆ ಸೇನಾ ಮಾದರಿಗಳಲ್ಲಿ ರೂಢಿಯಾಗಿರುವ 1:35 ಇದೆಯಲ್ಲ, ಅದು ಎಲ್ಲಿಂದ ಬಂತು ಗೊತ್ತಾ? ಜಪಾನಿನ ತಮಿಯಾ ಕಂಪನಿಯವರು 1961ರ ಸುಮಾರಿಗೆ ಪ್ಯಾಂಥರ್ ಅನ್ನುವ ಜರ್ಮನ್ ಟ್ಯಾಂಕಿನ ಮಾದರಿ ತಂದರು. ಅದು ಓಡಬೇಕು, ಅದಕ್ಕೆ ಒಳಗೆ ಮೋಟಾರು, ಎರಡು ಸೆಲ್ಲು. ಸೆಲ್ಲು ಹಿಡಿಸುವಷ್ಟು ದೊಡ್ಡದಾಗಿ ಟ್ಯಾಂಕು ಮಾಡಿದರು. ಆಮೇಲೆ ಅಳೆದು ನೋಡಿದರೆ ಹೆಚ್ಚುಕಡಿಮೆ ಮೂವತ್ತೈದರಲ್ಲಿ ಒಂದು ಪಾಲು! ಎರಡು ಬ್ಯಾಟರಿ ಸೆಲ್ಲು ಸೇರಿ ಇಡೀ ಲೋಕದ ಹವ್ಯಾಸಿಗಳಿಗೆ ಅಳತೆ ಗೊತ್ತುಮಾಡಿಬಿಟ್ಟವು. ಕೇಳಿದರೆ ನಗು ಬರುತ್ತೆ, ಅಲ್ವಾ?

ನಮ್ಮೂರಿನಲ್ಲಿ ಅಂಥ ಡಬ್ಬಿ ಮಾರುವ ಅಂಗಡಿ ನಾನಂತೂ ಕಂಡಿಲ್ಲ. ತೆರಕಣಾಂಬಿ ಬಸ್ಸಿನ ಡಬ್ಬಿ ಜಪಾನಿನವರೂ ಮಾಡುವುದಿಲ್ಲ. ಹಾಗಾಗಿ ಇಲ್ಲಿ ಒಬ್ಬ ಹುಡುಗ ಏನನ್ನಾದರೂ ಮಾಡಿದ ಅಂದರೆ ಅದನ್ನು ಅವನೇ ಆರಿಸಿಕೊಂಡಿದ್ದು ಅಂತ ಖಾತ್ರಿ. ಡಬ್ಬಿ ಸಿಗದಿರುವುದು ಬಡತನ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಡಬ್ಬಿ ಇದ್ದಿದ್ದರೆ ಆ ಸೊಟ್ಟ ಬಂಪರ್ ಎಲ್ಲಿಂದ ಬರಬೇಕಿತ್ತು?

ಹಾಗೆ ನೋಡಿದರೆ ಇದು ನಮಗೆ ಹೊಸದೂ ಅಲ್ಲ. ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲ ಕೆಳಗೆ ನೆಲದ ಮೇಲೆ ಮಕ್ಕಳು ಪಾರ್ಕು ಮಾಡುತ್ತಿರಲಿಲ್ಲವೇ? ಮೇಲಿನ ಮೆಟ್ಟಿಲುಗಳ ಮೇಲೆ ನಮಗೆ ಅಧಿಕಾರ ಇಲ್ಲ. ಪಟ್ಟದ ಗೊಂಬೆ, ದಶಾವತಾರ, ಅದೆಲ್ಲ ಹಿರಿಯರ ಕೈ. ನೆಲ ಮಾತ್ರ ನಮ್ಮದು. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹುಲ್ಲುಹಾಸು, ಕನ್ನಡಿ ಚೂರಿನ ಕೆರೆ. ನಮ್ಮ ಮನೆಯಲ್ಲಿ ಚಿಕ್ಕಮ್ಮ ಒಬ್ಬರಿದ್ದರು, ಗೋಣಿಚೀಲ ಗುಡ್ಡೆಹಾಕಿ ಪ್ರತಿ ವರ್ಷವೂ ಗೋಪಾಲಸ್ವಾಮಿ ಬೆಟ್ಟ ಮಾಡುತ್ತಿದ್ದರು. ಹಿಮವದ್ ಗೋಪಾಲಸ್ವಾಮಿ ಅಂದಮೇಲೆ ಮಂಜು ಬೇಡವೇ? ಹತ್ತಿಯನ್ನು ಹಿಂಜಿ ಹಿಂಜಿ, ಗೋಪುರ ಅರ್ಧ ಕಾಣಬೇಕು, ಅರ್ಧ ಕಾಣಬಾರದು, ಹಾಗೆ ಇಡುತ್ತಿದ್ದರು. ದಸರಾ ಅಂದಮೇಲೆ ಚಾಮುಂಡಿ ಬೆಟ್ಟ ಮಾಡಬೇಕಲ್ಲವಾ ಅಂತ ಬಂದವರು ಕೇಳೋರು. ‘ನಾವು ವರ್ಷವರ್ಷ ಹೋಗೋದು ಯಾವ ಬೆಟ್ಟಕ್ಕೆ?’ ಅಂತ ಚಿಕ್ಕಮ್ಮ ತಿರುಗಿ ಕೇಳೋರು. ಬಸ್ಸಿನ ಹುಡುಗ ಹೇಳಿದ್ದೂ ಅದೇ ಮಾತು ನೋಡಿ! ಅವರ ಕಾಲದಲ್ಲಿ ಮಂಜಿನೊಳಗೆ ಕಾಲ್ನಡಿಗೆ. ಈಗ ಖಾಸಗಿ ಗಾಡಿಗಳನ್ನು ಕೆಳಗೇ ನಿಲ್ಲಿಸಿ, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ನೋಡಿದಿರಾ, ಎಲ್ಲಿಗೆ ಹೋದರೂ ಮಾತು ಬಸ್ಸಿಗೇ ಬರುತ್ತದೆ.

ದೊಡ್ಡವರೂ ಹೀಗೇ ಆರಿಸುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದಲ್ಲ, ಗಾಜಿನ ಮನೆಯೊಳಗೆ ಹೂವಿನಿಂದ ವಿಧಾನಸೌಧ ಅದು ಇದು ಮಾಡುತ್ತಾರೆ. 2022ರ ಆಗಸ್ಟಿನ ಪ್ರದರ್ಶನ ಡಾ. ರಾಜ್‌ಕುಮಾರ್ ಮತ್ತು ಪುನೀತ್ ನೆನಪಿಗೆ ಮೀಸಲಾಗಿತ್ತು. ಅಣ್ಣಾವ್ರಿಗೆ ಅಂದಮೇಲೆ ಮಯೂರನ ಸಿಂಹಾಸನ ಮಾಡಬಹುದಿತ್ತು, ಬೆಂಗಳೂರಿನ ಮನೆ ಮಾಡಬಹುದಿತ್ತು. ಮಾಡಿದ್ದು ಗಾಜನೂರಿನ ಮನೆ! ನಮ್ಮ ಚಾಮರಾಜನಗರದಿಂದ ಹೊರಟರೆ ಗಡಿ ದಾಟಿದ ಕೂಡಲೇ ತಾಳವಾಡಿ ಕಡೆ ಸಿಗುವ ಊರು. ನಕ್ಷೆಯಲ್ಲಿ ತಮಿಳುನಾಡು, ಬೀದಿಯಲ್ಲಿ ಕನ್ನಡ. ಆ ಮನೆಗೆ ಕೆತ್ತನೆ ಇಲ್ಲ, ಗೋಪುರ ಇಲ್ಲ. ಆದರೆ ಅವರು ಊರು ಅಂತ ಹೇಳಿದ್ದು ಅದನ್ನು. ಹೆಸರು ಹಣ ಎಲ್ಲ ಬಂದಮೇಲೂ ಬಂದು ಇರುತ್ತಿದ್ದದ್ದು ಅಲ್ಲಿಯೇ. ಆಯ್ಕೆ ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ಅವರಿಗೊಂದು ನಮಸ್ಕಾರ.

ಇನ್ನೊಂದು ಕಾರಣವೂ ಇದೆ. ಇದು ಸ್ವಲ್ಪ ಸಂಕಟದ್ದು. ಕೈತಪ್ಪಿದ ವಸ್ತುವನ್ನು ಜನ ಚಿಕ್ಕದು ಮಾಡಿಟ್ಟುಕೊಳ್ಳುತ್ತಾರೆ. ನಮ್ಮ ಚಾಮರಾಜೇಶ್ವರನ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿತಲ್ಲ, ಆಮೇಲೆ ಹೊಸ ತೇರು ಬಂದು ಎಳೆಯುವಷ್ಟರಲ್ಲಿ 2022ರ ಆಷಾಢ ಬಂತು. ಬೇರೆ ಕಡೆ ಆಷಾಢದಲ್ಲಿ ಹೊಸ ದಂಪತಿಯನ್ನು ದೂರ ದೂರ ಇಡುತ್ತಾರೆ, ನಮ್ಮಲ್ಲಿ ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಅಂಥ ಜಾತ್ರೆ ನಿಂತರೆ ಹೇಗಿರುತ್ತೆ ಹೇಳಿ. ತೇರಿಲ್ಲದ ಆ ವರ್ಷಗಳಲ್ಲಿ ನಮ್ಮ ಓಣಿಯ ಮಕ್ಕಳು ಬಾಳೆದಿಂಡು, ಬಿದಿರುಕಡ್ಡಿ, ಬಣ್ಣದ ಕಾಗದದಲ್ಲಿ ತೇರು ಕಟ್ಟಿ ಎಳೆದಿದ್ದುಂಟು. ಚಕ್ರ ಮಾತ್ರ ಯಾವುದೋ ಮುರಿದ ಆಟಿಕೆಯದು. ಹಳೇ ತೇರನ್ನು ಸರಿಯಾಗಿ ನೋಡಿದ್ದ ಒಬ್ಬ ಹುಡುಗಿ, ಕಳಸ ಹಾಗಲ್ಲ ಹೀಗೆ ಅಂತ ಉಳಿದವರನ್ನು ಗದರುತ್ತಿದ್ದಳು. ಇಷ್ಟು ಕರಾರುವಾಕ್ಕಾದ ಪ್ರೀತಿ ದೊಡ್ಡವರಲ್ಲಿ ಕಾಣುವುದು ಅಪರೂಪ.

ತಮ್ಮ ಕಸುಬನ್ನೇ ಚಿಕ್ಕದು ಮಾಡುವವರೂ ಉಂಟು. ಟಿ. ನರಸೀಪುರದ ಹತ್ತಿರ ಸೋಮನಾಥಪುರಕ್ಕೆ ಹೋದಾಗ ದೇವರ ವಿಗ್ರಹಗಳನ್ನೇ ನೋಡುತ್ತಾ ಬರಬೇಡಿ. ಗೋಡೆಯ ಮೇಲೆ ಅಲ್ಲಲ್ಲಿ ಗೇಣುದ್ದದ ಗೋಪುರಗಳನ್ನು ಕಡೆದಿದ್ದಾರೆ, ನೋಡಿ. ಹದಿಮೂರನೇ ಶತಮಾನದ ದೇವಸ್ಥಾನ. ಹಗಲಿಡೀ ಗೋಪುರ ಕಟ್ಟಿದ ಕೈ, ಗೋಡೆಯಲ್ಲಿ ಜಾಗ ಸಿಕ್ಕಿದರೆ ಮತ್ತೆ ಗೋಪುರವನ್ನೇ ಕಡೆಯುತ್ತದೆ. ನಿವೃತ್ತಿಯಾದ ಡ್ರೈವರುಗಳು ಮನೆಯಲ್ಲಿ ಕೂತು ಬಸ್ಸು ಮಾಡುವುದು ಇದೇ ವಂಶದ ಕೆಲಸ. ಅತ್ತ ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ದಿನ ಮಣ್ಣಿನಲ್ಲಿ ಎತ್ತು ಮಾಡಿ ಪೂಜೆ ಮಾಡುತ್ತಾರಲ್ಲ, ಅದೂ ಅಷ್ಟೇ. ಜೊತೆಗೆ ದುಡಿದ ಜೀವವನ್ನು ಅಂಗೈ ಮೇಲೆ ತರುವುದು.

ಇಷ್ಟೆಲ್ಲ ಹೇಳಿ, ಮನಸ್ಸಿನಲ್ಲಿರುವ ಒಂದು ಆಸೆ ಹೇಳದೆ ಹೋದರೆ ಹೇಗೆ? ನಮ್ಮೂರ ರೈಲ್ವೆ ಸ್ಟೇಷನ್ನು. ಮೈಸೂರಿನಿಂದ ನಂಜನಗೂಡಿಗೆ ಮೀಟರ್‌ಗೇಜ್ ಹಳಿ ಬಂದದ್ದು 1891ರಲ್ಲಿ, ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿ. ಒಟ್ಟು 61 ಕಿಲೋಮೀಟರ್. ನಮ್ಮೂರಿಗೆ ಬಂದು ಹಳಿ ನಿಂತಿತು. ಮೆಟ್ಟುಪಾಳ್ಯಕ್ಕೆ ಮುಂದುವರಿಯುತ್ತೆ ಅಂತ ನಮ್ಮ ಅಜ್ಜಂದಿರು ಹೇಳಿದರು, ಅಪ್ಪಂದಿರು ಹೇಳಿದರು, ಈಗ ನಾವು ಹೇಳುತ್ತಿದ್ದೇವೆ. ಹಳಿ ಮುಗಿಯುವ ಊರು ಅಂತ ನಮಗೆ ಬೇಸರ. ಆದರೆ ರೈಲಿನ ಮಾದರಿ ಮಾಡುವವರನ್ನು ಕೇಳಿ ನೋಡಿ, ಅವರಿಗೆ ಇಂಥ ಊರೇ ಬೇಕು. ಇಂಗ್ಲೆಂಡಿನ ಹವ್ಯಾಸಿಗಳು ಬಲು ಇಷ್ಟಪಡುವುದು ಶಾಖಾ ಮಾರ್ಗದ ಕೊನೇ ಸ್ಟೇಷನ್ನು. ಕಾರಣ ಸರಳ. ಒಂದು ಗೋಡೆ ಹಲಗೆಯ ಮೇಲೆ ಇಡೀ ಸ್ಟೇಷನ್ ಹಿಡಿಸುತ್ತದೆ, ಹಳಿ ಒಂದೇ ಕಡೆ ಹೊರಗೆ ಹೋದರೆ ಸಾಕು. ಮೇಲಾಗಿ ಬಂದ ಎಂಜಿನ್ನು ಡಬ್ಬಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಕೂಡಿಕೊಳ್ಳಬೇಕು. ಸುಮ್ಮನೆ ಗಿರಕಿ ಹೊಡೆಯುವುದಿಲ್ಲ, ಕೈಗೆ ಕೆಲಸ ಇರುತ್ತದೆ.

ಅಳತೆಯೂ ಒದಗಿ ಬರುತ್ತದೆ. 1:87ರಲ್ಲಿ ಮೀಟರ್‌ಗೇಜ್ ಹಳಿಗೆ 12 ಮಿಲಿಮೀಟರ್ ಅಗಲ. ಸ್ವಿಟ್ಜರ್ಲೆಂಡಿನ ಹಲವು ಬೆಟ್ಟದ ರೈಲುಗಳೂ ಮೀಟರ್‌ಗೇಜೇ ಆದ್ದರಿಂದ ಆ ಅಗಲದ ಪುಟ್ಟ ಹಳಿ ರೆಡಿಯಾಗಿ ಸಿಗುತ್ತದೆ. ಪ್ಲಾಟ್‌ಫಾರಂ ಮೇಲೆ ಕಾಯುವ ಮನುಷ್ಯ ಎರಡು ಸೆಂಟಿಮೀಟರಿಗಿಂತ ಒಂದೆಳೆ ಕಮ್ಮಿ. ಅವನ ಪಕ್ಕ ಬೆಲ್ಲದ ಮೂಟೆ, ಅರಿಶಿನದ ಮೂಟೆ ಇಡಬಹುದು. ಸಿಗದಿರುವುದು ಒಂದೇ, ಬ್ರಾಡ್‌ಗೇಜ್ ಆಗುವುದಕ್ಕೆ ಮುಂಚೆ ಆ ಸ್ಟೇಷನ್ನು ಹೇಗಿತ್ತು ಅನ್ನುವ ವಿವರ. ಬಾಗಿಲಿಗೆ ಯಾವ ಬಣ್ಣ, ನೀರಿನ ಟ್ಯಾಂಕಿ ಯಾವ ಕಡೆ, ಕಲ್ಲುಬೆಂಚು ಎಷ್ಟು, ಮರ ಯಾವುದು. ಬಸ್ಸು ಮಾಡುವ ಹುಡುಗನಿಗೆ ಹೇಳಿದೆ. ‘ವಿವ್ರ ತಂದ್ಕೊಡು, ಮಾಡ್ತೀನಿ ಕಣಕ್ಕ’ ಅಂದಿದ್ದಾನೆ. ಅವನು ಆ ರೈಲನ್ನು ಕಂಡವನಲ್ಲ, ಕಂಡವರ ಬಾಯಿಂದಲೇ ಕೇಳಬೇಕು.

ಆದ್ದರಿಂದ ಚಾಮರಾಜನಗರದ ಹಿರಿಯರೇ, ನಂಜನಗೂಡಿಗೋ ಮೈಸೂರಿಗೋ ಆ ಸಣ್ಣ ರೈಲಿನಲ್ಲಿ ಓದಲಿಕ್ಕೆ, ಕೆಲಸಕ್ಕೆ ಹೋಗಿಬರುತ್ತಿದ್ದವರೇ, ಮದುವೆ ಆಲ್ಬಮ್ಮಿನ ಹಿಂದೆ, ಟ್ರಂಕಿನ ತಳದಲ್ಲಿ ಸ್ಟೇಷನ್ನಿನ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಹುಡುಕಿ ತೆಗೆಯಿರಿ. ಫೋಟೋ ಇಲ್ಲದಿದ್ದರೆ ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಗೆರೆ ಎಳೆದಿಡಿ. ನಿಮ್ಮ ಬೀದಿಯಲ್ಲೂ ಸನ್‌ಬೋರ್ಡ್ ಕತ್ತರಿಸುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ, ಅವರ ಕೈಗೆ ಕೊಡಿ.