ಸಹಾಯಕ ಧಾತು ನಿರ್ಣಯ: ಫ್ರೆಂಚ್ ಭೂತಕಾಲದ ಕಿರು ಮೀಮಾಂಸೆ

ವಿಷಯ. ಫ್ರೆಂಚರಿಗೆ ಆಗಿಹೋದದ್ದೆಲ್ಲ ಆಸ್ತಿ. ಆಡುಮಾತಿನ ಭೂತಕಾಲವಾದ ‘ಪಾಸೆ ಕೊಂಪೋಸೆ’ಯಲ್ಲಿ ತಿಂದದ್ದು, ಕಂಡದ್ದು ಎಲ್ಲವೂ ‘ಅವ್ವಾರ್’, ಅಂದರೆ ‘ಉಳ್ಳವನಾಗು’ ಎಂಬ ಧಾತುವಿನ ಖಾತೆಗೆ ಜಮಾ. ‘ಝೇ ಪೆರ್ದ್ಯು’ ಎಂದರೆ ಕಳೆದುಕೊಂಡೆ. ಕಳೆದುಕೊಂಡದ್ದಕ್ಕೂ ಅವರಲ್ಲಿ ಹಕ್ಕುಪತ್ರವಿದೆ.

ಪೂರ್ವಪಕ್ಷ. ಇಲ್ಲಿ ಕನ್ನಡಿಗನ ಆಕ್ಷೇಪ: ‘ತಿಂದಿದ್ದೇನೆ’, ‘ಹೋಗಿದ್ದೇನೆ’ ಎರಡಕ್ಕೂ ನಮಗೆ ‘ಇರು’ ಒಂದೇ ಸಾಕು. ಅವರಲ್ಲೂ ಅದಕ್ಕೆ ಸಮನಾದ ‘ಎತ್ರ್’ ಇರುವಾಗ ಅವ್ವಾರಿನ ಹಂಗೇಕೆ?

ಖಂಡನೆ. ಹಾಗೆಂದು ನಂಬಿ ಪ್ಯಾರಿಸ್ಸಿನ ಹೋಟೆಲಿನಲ್ಲಿ ‘ಝ ಸ್ವಿ ಮಾಂಝೇ’ ಎಂದವನು ತನ್ನ ಊಟವಾಯಿತೆಂದು ಹೇಳಿದಂತಾಗದು; ತನ್ನನ್ನೇ ಯಾರೋ ತಿಂದು ಮುಗಿಸಿದರೆಂದು ವರದಿ ಕೊಟ್ಟಂತಾಗುತ್ತದೆ. ಆಗ ಬಿಲ್ಲು ತೆರಬೇಕಾದವರು ಯಾರೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗು.

ಅಪವಾದ. ಎತ್ರ್ ಹಿಡಿಯುವ ಧಾತುಗಳು ಕೆಲವೇ: ಹೋಗು, ಬರು, ಏರು, ಇಳಿ, ಬೀಳು, ಹುಟ್ಟು, ಸಾಯು ಇತ್ಯಾದಿ. ಇವನ್ನು ಕಲಿಸಲು ಮೇಷ್ಟ್ರುಗಳು ಒಂದು ಮನೆಯ ಚಿತ್ರ ಬರೆಯುತ್ತಾರೆ. ಆ ಮನೆಯಲ್ಲಿ ಒಬ್ಬ ಮೆಟ್ಟಿಲು ಹತ್ತುತ್ತಾನೆ, ಒಬ್ಬ ಉರುಳುತ್ತಾನೆ, ಒಬ್ಬ ಹುಟ್ಟುತ್ತಾನೆ, ಒಬ್ಬ ಸಾಯುತ್ತಾನೆ. ಒಲೆ ಮಾತ್ರ ಉರಿಯುವುದಿಲ್ಲ, ಅಡುಗೆ ಅವ್ವಾರಿನದು.

ಸಿದ್ಧಾಂತ. ಬರಿಗೈಯಲ್ಲಿ ಮಹಡಿ ಹತ್ತಿದವಳಿಗೆ ಎತ್ರ್. ಪೆಟ್ಟಿಗೆಯನ್ನು ಮಹಡಿಗೇರಿಸಿದವಳಿಗೆ ಅದೇ ಧಾತುವಿನಲ್ಲೇ ಅವ್ವಾರ್. ಕೈಗೆ ಕರ್ಮಪದ ಸಿಕ್ಕಿತೋ, ಸ್ವಾಮ್ಯ ಬಂತು. ಹುಟ್ಟು ಸಾವುಗಳು ಎತ್ರ್ ಪಾಲಾದದ್ದೇಕೆಂಬುದು ಇದರಿಂದ ಸ್ಪಷ್ಟ: ಬರುವಾಗಲೂ ಹೋಗುವಾಗಲೂ ಬರಿಗೈ. ದಾಸರು ತಂಬೂರಿ ಹಿಡಿದು ಊರೂರು ಸುತ್ತಿ ಸಾರಿದ್ದನ್ನು ಫ್ರೆಂಚರು ವ್ಯಾಕರಣದ ಕೋಷ್ಟಕದಲ್ಲೇ ಮುಗಿಸಿದ್ದಾರೆ.

ಗೌರವ ಪ್ರಕರಣ. ‘ನಾನು ಸೇಬು ತಿಂದೆ’ ಎನ್ನುವಾಗ ಫ್ರೆಂಚಿನಲ್ಲಿ ಸೇಬು ಕ್ರಿಯಾಪದದ ನಂತರ ಬರುವುದರಿಂದ ಅದಕ್ಕೆ ಮನ್ನಣೆಯಿಲ್ಲ. ‘ನಾನು ತಿಂದ ಸೇಬು’ ಎನ್ನುವಾಗ ಅವರ ವಾಕ್ಯದಲ್ಲಿ ಅದು ಮುಂಚೆಯೇ ಬಂದು ಕೂತಿರುತ್ತದೆ. ಸೇಬು ಅಲ್ಲಿ ಸ್ತ್ರೀಲಿಂಗವಾದ್ದರಿಂದ ಕೃದಂತದ ತುದಿಗೆ ಕಿವಿಗೆ ಕೇಳದ ಒಂದು ಅಕ್ಷರ ಹೆಚ್ಚುವರಿ ಸೇರುತ್ತದೆ. 16ನೇ ಶತಮಾನದಲ್ಲಿ ಕವಿ ಕ್ಲೆಮಾಂ ಮಾರೋ ಇಟಲಿಯತ್ತ ಕೈ ತೋರಿಸಿ ಈ ಪದ್ಧತಿಯನ್ನು ಎತ್ತಿಹಿಡಿದ. ಅಲ್ಲಿಂದಾಚೆ ಮಕ್ಕಳ ಅಂಕಗಳಿಗೆ ನೆಮ್ಮದಿಯಿಲ್ಲ.

ಸಂನ್ಯಾಸ ಪ್ರಕರಣ. ‘ಪಾಸೆ ಸೆಂಪ್ಲ್’ ಎಂಬ ಇನ್ನೊಂದು ಭೂತಕಾಲಕ್ಕೆ ಸಹಾಯಕ ಧಾತುವೇ ಬೇಡ. ಆಸ್ತಿಪಾಸ್ತಿಯಿಲ್ಲದ ಅದು ಆಡುಮಾತು ತೊರೆದು ಪುಸ್ತಕಗಳಲ್ಲಿ ಆಶ್ರಮ ಕಟ್ಟಿಕೊಂಡಿತ್ತು. 1942ರಲ್ಲಿ ಆಲ್ಬೇರ್ ಕಮೂ ‘ಲೆತ್ರಾಂಝೇ’ ಕಾದಂಬರಿಯನ್ನು ಹೆಚ್ಚಾಗಿ ಪಾಸೆ ಕೊಂಪೋಸೆಯಲ್ಲೇ ಬರೆದು ಆ ಆಶ್ರಮಕ್ಕೂ ಸಂಸಾರಸ್ಥರನ್ನು ನುಗ್ಗಿಸಿದ.

ಫಲಶ್ರುತಿ. ಈ ಪ್ರಬಂಧವನ್ನು ನಿತ್ಯವೂ ಓದುತ್ತಿದ್ದವರು ರೂಢಿಯ ಭೂತಕಾಲವಾದ ‘ಎಂಪಾರ್ಫೆ’ಗೆ ಸಲ್ಲುವರು. ಒಮ್ಮೆ ಓದಿ ಮುಗಿಸಿದವರಿಗೆ ಅವ್ವಾರ್ ಪ್ರಾಪ್ತಿ. ನಡುವೆಯೇ ಎದ್ದು ಹೋದವರಿಗೆ ಎತ್ರ್. ಎತ್ರ್ ಜೊತೆ ಕೃದಂತವು ಕರ್ತೃವಿನ ಲಿಂಗ ಹಿಡಿಯುವುದರಿಂದ, ಹಾಗೆ ಹೋದವರು ಹೆಂಗಸರಾದರೆ, ಕಿವಿಗೆ ಕೇಳದ ಆ ಒಂದು ಅಕ್ಷರ ಉಚಿತ.