ಎಂಟು–ಸೊನ್ನೆ ಎನ್ನುವ ಮಕ್ಕಳಿಗೆ

ಇಂದಿರಾಪುರಂನ ಕನ್ನಡದ ಮಕ್ಕಳೇ,

ಪಾಕಿಸ್ತಾನದ ಜೊತೆ ಮ್ಯಾಚ್ ಇದ್ದ ರಾತ್ರಿ ನಮ್ಮ ಸೊಸೈಟಿಯ ಅಂಗಳದಲ್ಲಿ ಪರದೆ ಕಟ್ಟುತ್ತಾರೆ. ನೀವು ಕೆನ್ನೆಗೆ ತ್ರಿವರ್ಣ ಬಳಿದುಕೊಂಡು ‘ಎಂಟು–ಸೊನ್ನೆ’ ಎಂದು ಕೂಗುತ್ತೀರಿ. ಲೆಕ್ಕ ಸರಿಯೇ. 1992ರಿಂದ 2023ರವರೆಗೆ ಏಕದಿನ ವಿಶ್ವಕಪ್‌ನಲ್ಲಿ ಎಂಟು ಸಲ ಎದುರಾದೆವು, ಎಂಟೂ ಗೆದ್ದೆವು. ಆದರೆ 2025ರ ಚಾಂಪಿಯನ್ಸ್ ಟ್ರೋಫಿ ಮುಗಿದಾಗ ಒಟ್ಟು ಏಕದಿನ ಪಂದ್ಯಗಳಲ್ಲಿ ಅವರ ಗೆಲುವು 73, ನಮ್ಮದು 58. ಟೆಸ್ಟ್ ಆಡಿದ್ದು 59. ಅವರು 12 ಗೆದ್ದರು, ನಾವು 9, ಉಳಿದ 38 ಡ್ರಾ. ಇಷ್ಟು ಹೇಳಿದ್ದಕ್ಕೆ ನಿಮ್ಮಲ್ಲೊಬ್ಬ, ‘ಅಂಕಲ್, ನೀವು ಯಾರ ಕಡೆ?’ ಎಂದು ಕೇಳಿದ. ಮನಸ್ಸಿಗೆ ನಾಟಿತು.

ನಾನು ಕುಂಬ್ಳೆ ಕಡೆ, ಮಗು. ಶ್ರೀನಾಥ್ ಕಡೆ.

1999ರ ಸರಣಿಗೆ ಪಾಕಿಸ್ತಾನ ಬರಬಾರದೆಂದು ಕೆಲವರು ಇಲ್ಲೇ ಪಕ್ಕದ ದೆಹಲಿಯ ಕೋಟ್ಲಾ ಮೈದಾನದ ಪಿಚ್ ಅಗೆದು ಹಾಕಿದರು. ಹಾಗಾಗಿ ಮೊದಲ ಟೆಸ್ಟ್ ಚೆನ್ನೈನಲ್ಲಿ ನಡೆಯಿತು. ಸಚಿನ್ 136 ಹೊಡೆದರೂ ನಾವು 12 ರನ್‌ಗಳಿಂದ ಸೋತೆವು. ಆದರೂ ಚೆನ್ನೈನ ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಯಾವ ಅಂಕಿಪಟ್ಟಿಯಲ್ಲೂ ಇಲ್ಲ.

ಆಮೇಲೆ ಅದೇ ಕೋಟ್ಲಾದಲ್ಲಿ ಎರಡನೇ ಟೆಸ್ಟ್, ಫೆಬ್ರವರಿ 7. ಗೆಲ್ಲಲು 420 ಬೇಕಿದ್ದ ಪಾಕಿಸ್ತಾನ ಒಂದೂ ವಿಕೆಟ್ ಕಳೆದುಕೊಳ್ಳದೆ 101 ರನ್ ಗಳಿಸಿತ್ತು. ಅಲ್ಲಿಂದ ಕುಂಬ್ಳೆ ಒಂದೊಂದೇ ಕೀಳುತ್ತ ಹೋದರು. ಒಂಬತ್ತು ಬಿದ್ದಾಗ ಚೆಂಡು ಮೈಸೂರಿನ ವೇಗಿ ಶ್ರೀನಾಥ್ ಕೈಗೆ ಬಂತು. ಬಾಲಂಗೋಚಿ ವಕಾರ್ ಇನ್ನೂ ಕ್ರೀಸಿನಲ್ಲಿ. ಒಂದು ನೇರ ಚೆಂಡು ಸಾಕಿತ್ತು. ಹತ್ತನೆಯದೂ ಕುಂಬ್ಳೆಗೇ ಸಿಗಲೆಂದು ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಎಸೆದರು, ವೈಡ್ ಕೊಟ್ಟರು. ಕುಂಬ್ಳೆಯವರ ಮುಂದಿನ ಓವರಿನಲ್ಲಿ ಅಕ್ರಮ್ ಬ್ಯಾಟಿಗೆ ತಾಗಿದ ಚೆಂಡು ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈ ಸೇರಿತು. ಕುಂಬ್ಳೆ 74ಕ್ಕೆ 10. ಸ್ಕೋರ್‌ಕಾರ್ಡಿನಲ್ಲಿ ಶ್ರೀನಾಥ್ ಹೆಸರಿನ ಮುಂದೆ ಸೊನ್ನೆ. ನನಗೆ ನಿಮ್ಮ ಎಂಟು–ಸೊನ್ನೆಯ ಸೊನ್ನೆಗಿಂತ ಈ ಸೊನ್ನೆ ದೊಡ್ಡದು. ಎದುರಾಳಿ ಗಟ್ಟಿಯಾಗಿದ್ದುದರಿಂದಲೇ ಆ ಹತ್ತಕ್ಕೆ ಬೆಲೆ ಬಂತು. ಅವರನ್ನು ಬರೀ ಸೊನ್ನೆ ಮಾಡಿಟ್ಟರೆ ಕುಂಬ್ಳೆಯವರನ್ನೂ ಕುಗ್ಗಿಸಿದಂತೆ.

ಎರಡು ದೇಶಗಳ ಕೊನೆಯ ಟೆಸ್ಟ್ ನಡೆದದ್ದು ನಮ್ಮ ಚಿನ್ನಸ್ವಾಮಿಯಲ್ಲಿ, ಆಗ ನಾಯಕ ಕುಂಬ್ಳೆಯೇ. ಗಂಗೂಲಿ 239 ಹೊಡೆದ ಆ ಪಂದ್ಯ 2007ರ ಡಿಸೆಂಬರ್ 12ರಂದು ಡ್ರಾ ಆಯಿತು. ನಿಮ್ಮಲ್ಲಿ ಬಹುತೇಕರು ಆಗ ಹುಟ್ಟಿಯೇ ಇರಲಿಲ್ಲ. ಐದು ದಿನ ಎದುರಾಳಿಯನ್ನು ನೋಡುತ್ತ ಕೂತರೆ ಅವನ ಆಟದ ಮೇಲೂ ಗೌರವ ಹುಟ್ಟುತ್ತದೆ. ಅದು ನಿಮಗೆ ಸಿಗಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಒಂದು ಭಾನುವಾರ ಬನ್ನಿ. ವೈಶಾಲಿಯಲ್ಲಿ ಮೆಟ್ರೋ ಹತ್ತಿ, ಮಂಡಿ ಹೌಸ್‌ನಲ್ಲಿ ಬದಲಿಸಿ, ದಿಲ್ಲಿ ಗೇಟ್‌ನಲ್ಲಿ ಇಳಿದರೆ ಕೋಟ್ಲಾ ಹತ್ತಿರವೇ. ಶ್ರೀನಾಥ್ ಆ ವೈಡ್ ಎಸೆದ ಮೈದಾನವನ್ನು ಹೊರಗಿನಿಂದಲಾದರೂ ತೋರಿಸುತ್ತೇನೆ.

ನಿಮ್ಮ ಸೊಸೈಟಿಯ ಅಂಕಲ್